ಮುಂಬಯಿಯ ಕೂಸುಗಳು: ಅಫೀಮಿನ ಗೋಳಿಯಿಂದ ಹಾಲಿನ ಬ್ಯಾಂಕಿನವರೆಗೆ

ಕಳೆದ ವರ್ಷ ಮಳೆಗಾಲದಲ್ಲಿ ನಾನು ಅಜ್ಜನಾದೆ.

ಮಗಳಿಗೆ ದಿನ ತುಂಬಿರಲಿಲ್ಲ. ಎಂಟನೇ ತಿಂಗಳು ಹಿಡಿದು ಇನ್ನೂ ವಾರವಾಗಿತ್ತಷ್ಟೇ. ರಾತ್ರಿ ಹತ್ತಕ್ಕೆ ಅಳಿಯನ ಫೋನ್ ಬಂತು. ಡೊಂಬಿವಲಿಯಿಂದ ನಾನೂ ನನ್ನಾಕೆಯೂ ಸಿಕ್ಕಿದ ಲೋಕಲ್ ಹಿಡಿದು ಓಡಿದೆವು. ಬೆಳಗಿನ ಜಾವ ಹೆಣ್ಣುಮಗು ಹುಟ್ಟಿತು. ತೂಕ ಒಂದು ಕಿಲೋ ನಾನ್ನೂರು ಗ್ರಾಂ. ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದ ಆ ಜೀವವನ್ನು ನೋಡಿದಾಗ ಇದು ನನ್ನ ಅಂಗೈಗೂ ಸಣ್ಣದು ಅನ್ನಿಸಿತು.

ಅಷ್ಟು ಬೇಗ ಹುಟ್ಟಿದ ಮಗುವಿಗೆ ಮೊಲೆ ಚೀಪಲು ಬರುವುದಿಲ್ಲ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಒಟ್ಟಿಗೆ ಮಾಡುವ ಶಕ್ತಿ ಬರುವುದು ಗರ್ಭದ ಸುಮಾರು 34ನೇ ವಾರಕ್ಕಂತೆ. ಅಲ್ಲಿಯವರೆಗೆ ಮೂಗಿನಿಂದಲೋ ಬಾಯಿಂದಲೋ ನಳಿಗೆ ಹಾಕಿ ಹನಿ ಹನಿಯಾಗಿ ಹಾಲು ಬಿಡಬೇಕು. ಮಗಳಿಗೆ ಇನ್ನೂ ಹಾಲು ಇಳಿದಿರಲಿಲ್ಲ. ಡಾಕ್ಟರಮ್ಮ ಒಂದು ಕಾಗದ ತಂದು ಮುಂದಿಟ್ಟರು. ಹಾಲಿನ ಬ್ಯಾಂಕಿನಿಂದ ತಾಯಿಹಾಲು ತರಿಸಿ ಕೊಡುತ್ತೇವೆ, ಒಪ್ಪಿಗೆಯ ಸಹಿ ಬೇಕು ಅಂದರು.

"ಯಾರ ಹಾಲು?" ಅಂತ ನನ್ನಾಕೆ ಕೇಳಿದಳು.

ಅದು ಗೊತ್ತಾಗುವುದಿಲ್ಲ, ಬಾಟಲಿಯ ಮೇಲೆ ನಂಬರು ಮತ್ತು ತಾರೀಖು ಮಾತ್ರ ಇರುತ್ತದೆ ಅಂದರು ನರ್ಸು. ನನ್ನಾಕೆ ಒಂದು ನಿಮಿಷ ಸುಮ್ಮನಿದ್ದಳು. ಆಮೇಲೆ ಮಗಳ ಕಡೆ ತಿರುಗಿ "ಹಾಕು ಸಹಿ, ಯಾವ ಪುಣ್ಯಾತ್ಗಿತ್ತಿಯದೋ" ಅಂದಳು.

ಆ ರಾತ್ರಿ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ನನಗೆ ನೆನಪಾದದ್ದು ಲಾಲ್‌ಬಾಗಿನ ಆಜಿ.

ನಾನು ಕುಮಟಾ ಕಡೆಯಿಂದ ಮುಂಬಯಿಗೆ ಬಂದದ್ದು 1975ರಲ್ಲಿ. ಆಗ ನನಗೆ ಇಪ್ಪತ್ತೊಂದು. ಲಾಲ್‌ಬಾಗಿನ ಒಂದು ಚಾಳಿನಲ್ಲಿ ಊರಿನವರೇ ಆದ ನಾಲ್ವರ ಜತೆ ಒಂದು ಖೋಲಿ. ಪಕ್ಕದ ಖೋಲಿಯಲ್ಲಿ ರತ್ನಾಗಿರಿ ಕಡೆಯ ಒಂದು ಕುಟುಂಬ. ಅಪ್ಪ, ಮಗ ಇಬ್ಬರೂ ಗಿರಣಿಯವರು. ಆ ಮನೆಯ ಹಿರಿಯಳು ನಮ್ಮ ಪಾಲಿಗೆ ಆಜಿ. ವಯಸ್ಸು ಎಪ್ಪತ್ತರ ಹತ್ತಿರ. ಹಬ್ಬಕ್ಕೆ ನಮಗೆ ಮೋದಕ ಕೊಡುವುದು, ಜ್ವರ ಬಂದರೆ ಪೇಜ್ ಕುಡಿಸುವುದು, ತಡವಾಗಿ ಬಂದರೆ ಗದರುವುದು ಎಲ್ಲ ಅವಳದೇ. ಮುಂಬಯಿಯಲ್ಲಿ ಒಬ್ಬಂಟಿ ಹುಡುಗರಾಗಿ ಬದುಕಿದವರಿಗೆಲ್ಲ ಇಂಥ ಒಬ್ಬಳು ಆಜಿ ಸಿಕ್ಕಿರುತ್ತಾಳೆ.

ಒಂದು ಸಂಜೆ ಗ್ಯಾಲರಿಯಲ್ಲಿ ಎದುರು ಮನೆಯ ಕೂಸು ಒಂದೇ ಸಮನೆ ಅಳುತ್ತಿತ್ತು. ನಮ್ಮಲ್ಲೊಬ್ಬ ತಮಾಷೆಗೆ "ಆಜಿ, ನಿಮ್ಮ ಕಾಲದಲ್ಲೂ ಮಕ್ಕಳು ಹೀಗೇ ಅಳುತ್ತಿದ್ದವಾ?" ಅಂತ ಕೇಳಿದ. ಆಜಿ ನಗಲಿಲ್ಲ. "ನಮ್ಮ ಮಕ್ಕಳು ಎಲ್ಲಿ ಅಳುತ್ತಿದ್ದವು? ಗೋಳಿ ಕೊಟ್ಟು ಹೋಗ್ತಿದ್ದೆವು. ಭೋಂಗಾ ಆದ ಮೇಲೆ ಬಂದರೆ ಬಿಟ್ಟು ಹೋದ ಹಾಗೇ ಮಲಗಿರ್ತಿದ್ದವು" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: ಐದು ಹೆತ್ತೆ, ಎರಡು ಉಳಿದವು.

ಭೋಂಗಾ ಅಂದರೆ ಗಿರಣಿಯ ಸೀಟಿ. ಗೋಳಿ ಅಂದರೆ ಏನು ಅಂತ ಅವತ್ತು ನನಗೆ ಗೊತ್ತಿರಲಿಲ್ಲ. ನಮ್ಮೂರಲ್ಲಿ ಬಜೆ ತೇದು ನೆಕ್ಕಿಸುವ ಹಾಗೆ ಏನೋ ಮನೆಮದ್ದು ಇರಬೇಕು ಅಂದುಕೊಂಡು ಸುಮ್ಮನಾದೆ. ಎಷ್ಟೋ ವರ್ಷಗಳ ನಂತರ ಮುಂಬಯಿ ಗಿರಣಿಗಳ ಚರಿತ್ರೆ ಓದುವ ಹುಚ್ಚು ಹಿಡಿದಾಗ ಅದರ ಅರ್ಥ ತಿಳಿಯಿತು. ಅದು ಬಾಳಗೋಳಿ. ಅದರಲ್ಲಿ ಇರುತ್ತಿದ್ದದ್ದು ಅಫೀಮು.

ಆಜಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಮುಂಬಯಿಗೆ ಅಫೀಮು ಹೊಸದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಮಾಳವದ ಅಫೀಮು ಈ ಬಂದರಿನಿಂದಲೇ ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು. ಈ ಊರಿನ ಹಲವು ದೊಡ್ಡ ಸಿರಿವಂತಿಕೆಗಳಿಗೆ ಅದೇ ಬುನಾದಿ. ಆ ಹಣದಲ್ಲಿ ಕೆಲವು ಪಾಲು ಆಸ್ಪತ್ರೆಗಳಾಗಿ, ಶಾಲೆಗಳಾಗಿ ಊರಿಗೆ ವಾಪಸು ಬಂದದ್ದೂ ನಿಜ. ಬಳಿಕ ಗಿರಣಿಗಳು ಬಂದವು. ಕೊಂಕಣದಿಂದ, ಘಾಟಿನ ಮೇಲಿನಿಂದ, ನಮ್ಮ ಕಡೆಯಿಂದಲೂ ಜನ ಬಂದರು. ಲೈಸೆನ್ಸ್ ಪಡೆದ ಅಂಗಡಿಗಳಲ್ಲಿ ಅಫೀಮು ಸಿಗುತ್ತಿತ್ತು, ಬಡವರ ಕೈಗೂ ಎಟುಕುತ್ತಿತ್ತು.

1919ರಲ್ಲಿ ವಾಷಿಂಗ್ಟನ್ನಿನಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಸಮ್ಮೇಳನ ನಡೆಯಿತು. ಹೆರಿಗೆಯ ಮೊದಲೂ ನಂತರವೂ ಹೆಣ್ಣು ಕಾರ್ಮಿಕರಿಗೆ ರಜೆ, ಭತ್ಯೆ ಕೊಡಬೇಕು ಅಂತ ಅಲ್ಲಿ ಒಂದು ಒಪ್ಪಂದವಾಯಿತು. ಹಿಂದೂಸ್ಥಾನದ ಪರಿಸ್ಥಿತಿ ಬೇರೆ, ಮೊದಲು ಅಧ್ಯಯನ ಮಾಡುತ್ತೇವೆ ಅಂತ ಇಲ್ಲಿಯ ಸರಕಾರ ಹೇಳಿತು. ಹಾಗೆ ಮುಂಬಯಿ ಸರಕಾರ ಗಿರಣಿಯ ಹೆಂಗಸರ ಬಾಣಂತನದ ಸ್ಥಿತಿ ನೋಡಲು ಡಾ. ಬಾರ್ನ್ಸ್ ಎಂಬ ಮಹಿಳಾ ವೈದ್ಯರನ್ನು ನೇಮಿಸಿತು. ಅವರ ವರದಿ 1922ರಲ್ಲಿ ಸರಕಾರದ 'ಲೇಬರ್ ಗೆಜೆಟ್'ನಲ್ಲಿ ಪ್ರಕಟವಾಯಿತು. ಅದರಲ್ಲಿಯ ಒಂದು ಸಂಖ್ಯೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಗಿರಣಿಗೆ ಹೋಗುವ ಹೆಂಗಸರ ಕೂಸುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ಕೊಡಲಾಗುತ್ತಿತ್ತು.

ನೂರಕ್ಕೆ 98. ಅಂದರೆ ಆಜಿ ಒಬ್ಬಳ ಕತೆಯಲ್ಲ ಅದು. ಪರೇಲ್, ಲಾಲ್‌ಬಾಗ್, ವರಳಿಯ ಒಂದು ಇಡೀ ತಲೆಮಾರಿನ ಕತೆ.

ಅಫೀಮು ಕೂಸಿಗೆ ಏನು ಮಾಡುತ್ತದೆ? ಅಳು ನಿಲ್ಲಿಸುತ್ತದೆ, ನಿದ್ದೆ ಬರಿಸುತ್ತದೆ, ಭೇದಿಯನ್ನೂ ಕಟ್ಟುತ್ತದೆ. ಅದಕ್ಕೇ ಅದು ಔಷಧಿಯ ಹಾಗೆ ಕಾಣುತ್ತಿತ್ತು. ಆದರೆ ಅದು ಹಸಿವನ್ನೂ ಸಾಯಿಸುತ್ತದೆ. ಕೂಸಿಗೆ ಅಳು ಅಂದರೆ ಮಾತು. ಹಸಿದರೆ ಅಳುತ್ತದೆ, ತಾಯಿ ಮೊಲೆ ಕೊಡುತ್ತಾಳೆ, ಕೂಸು ಚೀಪಿದಷ್ಟೂ ತಾಯಿಗೆ ಹಾಲು ಹೆಚ್ಚುತ್ತದೆ. ಅಳದ ಕೂಸು ಕುಡಿಯುವುದಿಲ್ಲ, ಕುಡಿಯದಿದ್ದರೆ ತಾಯಿಯ ಹಾಲೂ ಬತ್ತುತ್ತದೆ. ಸ್ವಲ್ಪ ಹೆಚ್ಚು ಬಿದ್ದರೆ ಉಸಿರೇ ನಿಲ್ಲುತ್ತದೆ. ಹಾಗೆ ಸತ್ತ ಕೂಸಿಗೂ ಬರೀ ಸೊರಗಿ ಸತ್ತ ಕೂಸಿಗೂ ಹೊರಗಿನಿಂದ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು. ಇದು ನಮ್ಮ ಜನರ ಅಜ್ಞಾನ ಅಂತ ಮೂಗು ಮುರಿಯುವವರಿಗೆ ಇಂಗ್ಲೆಂಡಿನ ಕತೆ ಗೊತ್ತಿರಲಿ. ಹತ್ತೊಂಬತ್ತನೇ ಶತಮಾನದಲ್ಲಿ ಮ್ಯಾಂಚೆಸ್ಟರಿನ ಹತ್ತಿಗಿರಣಿಗಳ ಸುತ್ತಮುತ್ತ 'ಗಾಡ್‌ಫ್ರೀಸ್ ಕಾರ್ಡಿಯಲ್' ಅನ್ನುವ ಸಿಹಿ ಔಷಧಿ ಧಾರಾಳವಾಗಿ ಮಾರಾಟವಾಗುತ್ತಿತ್ತು. ಅದರಲ್ಲಿದ್ದದ್ದೂ ಅಫೀಮೇ. ಕುಡಿಯುತ್ತಿದ್ದದ್ದೂ ಗಿರಣಿಗೆ ಹೋಗುವ ಹೆಂಗಸರ ಕೂಸುಗಳೇ. ಗಿರಣಿ ಎಲ್ಲಿಗೆ ಹೋಯಿತೋ ಗೋಳಿಯೂ ಅಲ್ಲಿಗೆ ಹೋಯಿತು.

ಆಗಿನ ಗಿರಣಿಯ ಹೆಂಗಸಿನ ದಿನ ಹೇಗಿತ್ತು ನೋಡಿ. 1920ರ ದೊಡ್ಡ ಮುಷ್ಕರದ ನಂತರ ಮುಂಬಯಿ ಗಿರಣಿಗಳಲ್ಲಿ ದಿನಕ್ಕೆ 10 ಗಂಟೆ ಕೆಲಸ ಅಂತ ಆಯಿತು. ಅದಕ್ಕೆ ಮೊದಲು ಇನ್ನೂ ಹೆಚ್ಚು. ಕೆಲಸಗಾರರಲ್ಲಿ ಸುಮಾರು ಐದಕ್ಕೆ ಒಬ್ಬರು ಹೆಂಗಸರು. ಹೆಚ್ಚಿನವರು ರೀಲಿಂಗ್ ಮತ್ತು ವೈಂಡಿಂಗ್ ಖಾತೆಯಲ್ಲಿ. ಬೆಳಿಗ್ಗೆ ಎದ್ದು ನೀರು ಹಿಡಿದು, ಭಾಕರಿ ತಟ್ಟಿ, ಗಿರಣಿಗೆ ಹೋಗಿ ಬರುವುದೆಲ್ಲ ಸೇರಿದರೆ ಮನೆ ಬಿಟ್ಟಿರುವುದು ಹನ್ನೊಂದು ಹನ್ನೆರಡು ಗಂಟೆ. ಕೂಸನ್ನು ಬಿಡಲು ಜಾಗವಿಲ್ಲ. ಅತ್ತೆ, ಅಮ್ಮ ಊರಿನಲ್ಲಿ. ಪಕ್ಕದ ಮನೆಯವಳೂ ಗಿರಣಿಗೇ ಹೋಗುವವಳು. ಸೀರೆಯ ಜೋಲಿಯಲ್ಲಿ ಕೂಸನ್ನು ಮಲಗಿಸಿ, ನೋಡಿಕೊಳ್ಳಲು ಒಬ್ಬ ಮುದುಕಿಯನ್ನೋ ಆರೇಳು ವರ್ಷದ ಅಕ್ಕನನ್ನೋ ಕೂರಿಸಿ ಹೋಗಬೇಕು. ಆರು ವರ್ಷದ ಹುಡುಗಿ ಹತ್ತು ಗಂಟೆ ಅಳುವ ಕೂಸನ್ನು ಹೇಗೆ ಸಂಭಾಳಿಸಬೇಕು? ಅದಕ್ಕೇ ಗೋಳಿ.

1921ರ ಇನ್ನೊಂದು ಅಂಕಿ ಇನ್ನೂ ಭಯಂಕರ. ಆ ವರ್ಷ ಮುಂಬಯಿಯಲ್ಲಿ ನೋಂದಾಯಿತವಾದ ಪ್ರತಿ 1000 ಜನನಕ್ಕೆ ಒಂದು ವರ್ಷ ತುಂಬುವ ಮೊದಲೇ ಸತ್ತ ಕೂಸುಗಳ ಸಂಖ್ಯೆ ಸುಮಾರು 667. ಅದೇ ಕಾಲಕ್ಕೆ ಇಡೀ ಹಿಂದೂಸ್ಥಾನದ ಲೆಕ್ಕ ಸುಮಾರು 200, ಇಂಗ್ಲೆಂಡಿನದು 83. ಮೂರು ಕೂಸು ಹುಟ್ಟಿದರೆ ಎರಡು ಸಾಯುವ ಊರು ಅಂತ ಮುಂಬಯಿಗೆ ಹೆಸರು ಬಂತು.

ಆದರೆ ನಮ್ಮ ಹಾಗೆ ಊರು ಬಿಟ್ಟು ಬಂದವರು ಈ ಅಂಕಿಯನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಲೆಕ್ಕ ಹಾಕುವುದು ಹೇಗೆ? ಮುಂಬಯಿಯಲ್ಲಿ ಸತ್ತ ಕೂಸುಗಳನ್ನು ಮುಂಬಯಿಯಲ್ಲಿ ಹುಟ್ಟಿದ ಕೂಸುಗಳಿಂದ ಭಾಗಿಸುತ್ತಾರೆ. ಆದರೆ ನಮ್ಮ ಹೆಂಗಸರು ಹೆರುವುದು ಎಲ್ಲಿ? ತವರಿನಲ್ಲಿ! ಚೊಚ್ಚಲಂತೂ ತವರಿನಲ್ಲೇ ಆಗಬೇಕು. ರತ್ನಾಗಿರಿಯವರಾಗಲಿ, ಸಾತಾರೆಯವರಾಗಲಿ, ಕಾರವಾರದವರಾಗಲಿ, ಎಲ್ಲರದೂ ಅದೇ ಪದ್ಧತಿ. ಜನನ ಊರಿನ ಲೆಕ್ಕಕ್ಕೆ ಸೇರುತ್ತದೆ. ಮೂರ್ನಾಲ್ಕು ತಿಂಗಳು ಬಾಣಂತನ ಮುಗಿಸಿ ಕೂಸನ್ನು ಎತ್ತಿಕೊಂಡು ಖೋಲಿಗೆ ಬರುತ್ತಾಳೆ. ಕೂಸು ಸತ್ತರೆ ಆ ಸಾವು ಮುಂಬಯಿಯ ಲೆಕ್ಕಕ್ಕೆ. ಜತೆಗೆ ಇಲ್ಲಿ ಮನೆಯಲ್ಲೇ ಹುಟ್ಟಿದ ಎಷ್ಟೋ ಕೂಸುಗಳ ಜನನ ನೋಂದಣಿಯೇ ಆಗುತ್ತಿರಲಿಲ್ಲ. ಹೆಣ ಸುಡಲು ಹೂಳಲು ಮಾತ್ರ ಚೀಟಿ ಬೇಕಾಗುತ್ತಿತ್ತು. ಹಾಗಾಗಿ 667 ಎಂಬುದು ಉಬ್ಬಿದ ಅಂಕಿ. ಮರುವರ್ಷವೇ ಅದು 400ರ ಆಸುಪಾಸಿಗೆ ಇಳಿಯಿತು ಅನ್ನುವುದನ್ನು ನೋಡಿದರೂ ಅದರ ಏರುಪೇರು ಗೊತ್ತಾಗುತ್ತದೆ.

ಉಬ್ಬಿದ ಅಂಕಿ ಅಂತ ತಳ್ಳಿಹಾಕುವ ಹಾಗೂ ಇಲ್ಲ. ಅದೇ 1921ರ ಲೆಕ್ಕವನ್ನು ಮನೆಯ ಗಾತ್ರದ ಪ್ರಕಾರ ಒಡೆದು ನೋಡಿದ್ದಾರೆ. ನಾಲ್ಕು ಅಥವಾ ಹೆಚ್ಚು ಖೋಲಿಯ ಮನೆಗಳಲ್ಲಿ ಸಾವಿರಕ್ಕೆ 133. ಮೂರು ಖೋಲಿಯಲ್ಲಿ 191. ಎರಡು ಖೋಲಿಯಲ್ಲಿ ಸುಮಾರು 322. ಒಂದೇ ಖೋಲಿಯ ಮನೆಗಳಲ್ಲಿ 828. ಒಂದೇ ಊರು, ಒಂದೇ ಮಳೆ, ಒಂದೇ ನಲ್ಲಿಯ ನೀರು. ಗೋಡೆ ಕಡಿಮೆಯಾದ ಹಾಗೆ ಸಾವು ಹೆಚ್ಚು. ಆಗ ಈ ಊರಿನ ಮೂರರಲ್ಲಿ ಎರಡು ಪಾಲು ಜನ ಇದ್ದದ್ದು ಒಂದೇ ಖೋಲಿಯಲ್ಲಿ. ತವರಿನ ಹೆರಿಗೆಯ ಕಾರಣದಿಂದ 828 ಅನ್ನುವುದನ್ನು ಅರ್ಧ ಮಾಡಿದರೂ ಉಳಿದ ಅಂತರ ಸಣ್ಣದಲ್ಲ. ಆಜಿಯ ಐದರಲ್ಲಿ ಮೂರು ಹೋದದ್ದು ಈ ಲೆಕ್ಕದೊಳಗೇ ಇದೆ.

ಆಳುವವರು ಏನು ಮಾಡಿದರು? ಮೊದಲು ಮಾಡಿದ್ದು ಉಪದೇಶ. 1924ರಲ್ಲಿ ವೈಸರಾಯರ ಪತ್ನಿ ಲೇಡಿ ರೀಡಿಂಗ್ ಅವರ ಮುಂದಾಳುತನದಲ್ಲಿ ದೇಶದಲ್ಲೆಲ್ಲ 'ಶಿಶು ಸಪ್ತಾಹ' ನಡೆಯಿತು. ಕೂಸನ್ನು ಹೇಗೆ ಮೀಯಿಸಬೇಕು, ಹೇಗೆ ಮಲಗಿಸಬೇಕು ಅಂತ ತಾಯಂದಿರಿಗೆ ಪಾಠ. ಪಾಠ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಹತ್ತು ಗಂಟೆ ರೀಲಿಂಗ್ ಖಾತೆಯಲ್ಲಿ ನಿಂತು ಬರುವವಳಿಗೆ ಬೇಕಾಗಿದ್ದದ್ದು ಪಾಠಕ್ಕಿಂತ ಮೊದಲು ಸಮಯ, ಎರಡು ತಿಂಗಳ ಕೂಲಿ, ಮತ್ತು ಕೂಸನ್ನು ಬಿಡಲು ಒಂದು ಜಾಗ.

ಅದನ್ನು ಅರ್ಥ ಮಾಡಿಕೊಂಡವರೂ ಇದ್ದರು. ಕಾರ್ಮಿಕ ಮುಖಂಡ ಎನ್. ಎಂ. ಜೋಶಿ 1924ರಲ್ಲೇ ಕೇಂದ್ರ ಶಾಸನಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆ ತಂದರು. ಅದು ಪಾಸಾಗಲಿಲ್ಲ. ಮುಂಬಯಿ ವಿಧಾನ ಪರಿಷತ್ತಿನಲ್ಲಿ ಅಂಥದೇ ಮಸೂದೆ ಬಂದಾಗ 28 ಜುಲೈ 1928ರಂದು ಡಾ. ಅಂಬೇಡ್ಕರ್ ಅದರ ಪರವಾಗಿ ಮಾತಾಡಿದರು. ಹೆರಿಗೆಯ ಮೊದಲೂ ನಂತರವೂ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ರಾಷ್ಟ್ರದ ಹಿತ, ಅದರ ಭಾರವನ್ನು ನಿಜಕ್ಕೂ ಹೊರಬೇಕಾದದ್ದು ಸರಕಾರ, ಆದರೆ ಅವಳ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಹೊಣೆ ತಪ್ಪಿಸಿಕೊಳ್ಳುವಂತಿಲ್ಲ ಅನ್ನುವುದು ಅವರ ವಾದದ ಸಾರ. ಪರೇಲಿನ ಚಾಳಿನಲ್ಲಿ ವರ್ಷಗಟ್ಟಲೆ ಬದುಕಿದ ಮನುಷ್ಯ ಅವರು. ಮಕ್ಕಳನ್ನು ಕಳೆದುಕೊಂಡ ತಂದೆಯೂ ಹೌದು. ಒಂದು ಖೋಲಿಯ ಮನೆ ಅಂದರೇನು ಅಂತ ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

1929ರಲ್ಲಿ ಮುಂಬಯಿ ಹೆರಿಗೆ ಭತ್ಯೆ ಕಾಯಿದೆ ಬಂತು. ದೇಶದಲ್ಲೇ ಮೊದಲನೆಯದು. ದಿನಕ್ಕೆ ಎಂಟಾಣೆಯಂತೆ ಹೆರಿಗೆಯ ಹಿಂದೆ ಮುಂದೆ ಕೆಲವು ವಾರ. ದೊಡ್ಡ ಹೆಜ್ಜೆಯೇ. ಆದರೆ ಅದಕ್ಕೊಂದು ಅಡ್ಡ ಪರಿಣಾಮವೂ ಆಯಿತು. ಭತ್ಯೆ ಕೊಡಬೇಕಾಗುತ್ತದೆ ಅಂತ ಎಷ್ಟೋ ಗಿರಣಿಗಳು ಮದುವೆಯಾದ ಹೆಂಗಸರನ್ನು ತೆಗೆದುಕೊಳ್ಳುವುದನ್ನೇ ಕಡಿಮೆ ಮಾಡಿದವು. ಮುಂದಿನ ದಶಕಗಳಲ್ಲಿ ಮುಂಬಯಿ ಗಿರಣಿಗಳಲ್ಲಿ ಹೆಂಗಸರ ಪಾಲು ಇಳಿಯುತ್ತಲೇ ಹೋಯಿತು. ಇದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಇದೂ ಒಂದು. ಆಜಿಯೂ ನಲವತ್ತು ದಾಟುವ ಮೊದಲೇ ಗಿರಣಿ ಬಿಟ್ಟು ಖಾನಾವಳಿ ಶುರು ಮಾಡಿದ್ದಳು.

ಅದೇ ಸುಮಾರಿಗೆ ಪರೇಲಿನಲ್ಲಿ ಎರಡು ಆಸ್ಪತ್ರೆಗಳು ಎದ್ದವು. 1926ರಲ್ಲಿ ನೌರೋಸ್ಜಿ ವಾಡಿಯಾ ಹೆರಿಗೆ ಆಸ್ಪತ್ರೆ, 1929ರಲ್ಲಿ ಬಾಯಿ ಜೆರ್‌ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆ. ಗಿರಣಿ ಮಾಲೀಕರ ಕುಟುಂಬವೇ ತಂದೆ ತಾಯಿಯ ಹೆಸರಿನಲ್ಲಿ ಕಟ್ಟಿಸಿದವು. ಹೆಂಗಸರಿಗಾಗಿ ಕಾಮಾ ಆಸ್ಪತ್ರೆ 1886ರಿಂದಲೇ ಇತ್ತು, ಆದರೆ ಅದು ಕೋಟೆಯ ಹತ್ತಿರ. ಗಿರಣಿಗಾಂವಿನ ಮಧ್ಯದಲ್ಲೇ ಹೆರಿಗೆಗೊಂದು, ಮಕ್ಕಳಿಗೊಂದು ಆಸ್ಪತ್ರೆ ಬಂದದ್ದು ಅಲ್ಲಿಯ ಹೆಂಗಸರಿಗೆ ದೊಡ್ಡ ಆಸರೆ. ಆಜಿಯ ಉಳಿದ ಎರಡು ಮಕ್ಕಳಲ್ಲಿ ಕಿರಿಯವನು ಹುಟ್ಟಿದ್ದು ವಾಡಿಯಾದಲ್ಲಿ. ಅವಳು ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದಳು.

ಶಿಶುಪಾಲನೆಯ ಜಾಗದ ವಿಷಯ ಮಾತ್ರ ತಡವಾಯಿತು. 1948ರ ಫ್ಯಾಕ್ಟರಿ ಕಾಯಿದೆಯಲ್ಲಿ 50ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಗೃಹ ಇರಬೇಕು ಅಂತ ಬಂತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. ಆದರೆ ಅಷ್ಟರಲ್ಲಿ ಹೆಂಗಸರು ಕಾರ್ಖಾನೆಯಿಂದ ಹೊರಗೆ ಬಂದಾಗಿತ್ತು. ಮನೆಗೆಲಸ, ಮೀನು ಮಾರಾಟ, ಕಟ್ಟಡದ ಕೂಲಿ. ಅಲ್ಲಿ ಯಾವ ಕಾಯಿದೆ? ಕಟ್ಟಡದ ಜಾಗದಲ್ಲೇ ಕೂಸುಗಳನ್ನು ನೋಡಿಕೊಳ್ಳುವ 'ಮೊಬೈಲ್ ಕ್ರೆಶ್' ದಿಲ್ಲಿಯಲ್ಲಿ 1969ರಲ್ಲಿ ಶುರುವಾಗಿ 1972ರಲ್ಲಿ ಮುಂಬಯಿಗೆ ಬಂತು. ಅಂಧೇರಿ, ಮುಲುಂಡ್ ಕಡೆ ಎದ್ದ ಎತ್ತರದ ಕಟ್ಟಡಗಳ ಬುಡದಲ್ಲಿ ಒಮ್ಮೆ ಕಿವಿಗೊಟ್ಟು ನಿಂತು ನೋಡಿ. ಕಲಬುರ್ಗಿ, ಯಾದಗಿರಿ, ವಿಜಯಪುರದ ಕನ್ನಡ ಕೇಳಿಸುತ್ತದೆ. ಸಿಮೆಂಟ್ ಚೀಲದ ನೆರಳಿನಲ್ಲಿ ಮಲಗಿಸಿದ ಕೂಸು ನಮ್ಮದೇ ಊರಿನದು.

ಈಗ ಸಾಯನ್ನಿಗೆ ಬರುತ್ತೇನೆ. ಹಾಲಿನ ಬ್ಯಾಂಕಿನ ಕತೆ ಅಲ್ಲಿಂದಲೇ ಶುರು.

ಸಾಯನ್ ಆಸ್ಪತ್ರೆ, ಅಂದರೆ ಲೋಕಮಾನ್ಯ ಟಿಳಕ ಮಹಾನಗರಪಾಲಿಕೆ ಆಸ್ಪತ್ರೆ, 1947ರಲ್ಲಿ ಹಳೆಯ ಮಿಲಿಟರಿ ಬರಾಕುಗಳಲ್ಲಿ 50 ಹಾಸಿಗೆಯೊಂದಿಗೆ ಆರಂಭವಾದದ್ದು. ಪಕ್ಕದಲ್ಲೇ ಧಾರಾವಿ. ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜಿನಲ್ಲಿ ಓದಿ ಮುಂಬಯಿಗೆ ಬಂದ ಡಾ. ಅರ್ಮಿಡಾ ಫರ್ನಾಂಡಿಸ್ ಇಲ್ಲಿಯ ನವಜಾತ ಶಿಶುಗಳ ವಿಭಾಗವನ್ನು ಕಟ್ಟಿ ಬೆಳೆಸಿದವರು. ಮುಂದೆ ಆಸ್ಪತ್ರೆಯ ಡೀನ್ ಕೂಡ ಆದರು. ಅವರು ಹೊಣೆ ಹೊತ್ತಾಗ ಆ ವಿಭಾಗದಲ್ಲಿ ಸೋಂಕಿನಿಂದ, ಭೇದಿಯಿಂದ ಕೂಸುಗಳು ಸಾಯುತ್ತಿದ್ದವು. ಡಬ್ಬಿ ಹಾಲು, ಬಾಟಲಿ, ನಿಪ್ಪಲ್ ಎಲ್ಲವನ್ನೂ ಎಷ್ಟು ಕುದಿಸಿದರೂ ಜನ ಕಿಕ್ಕಿರಿದ ವಾರ್ಡಿನಲ್ಲಿ ಸೋಂಕು ತಪ್ಪಿಸುವುದು ಕಷ್ಟ. ಅವರು ಡಬ್ಬಿ ಹಾಲನ್ನೇ ನಿಲ್ಲಿಸಿದರು. ತಾಯಂದಿರನ್ನು ಕೂಸಿನ ಹತ್ತಿರ ತಂದರು. ತಾಯಿಹಾಲು ಮಾತ್ರ. ಲಕ್ಷಾಂತರ ರೂಪಾಯಿಯ ಯಂತ್ರ ಬರುವ ಮೊದಲೇ ಇಷ್ಟರಿಂದಲೇ ಸಾವು ಕಡಿಮೆಯಾಗತೊಡಗಿತು.

ಆದರೆ ಕೆಲವು ತಾಯಂದಿರಿಗೆ ಹಾಲೇ ಇರುವುದಿಲ್ಲ. ಕೆಲವರು ತಾವೇ ಐಸಿಯುನಲ್ಲಿ. ಕೆಲವು ಕೂಸಿಗೆ ತಾಯಿಯೇ ಇಲ್ಲ. ಅವಕ್ಕೆ ಏನು ದಾರಿ? ನಮ್ಮ ಹಳ್ಳಿಗಳಲ್ಲಿ ಇನ್ನೊಬ್ಬ ಬಾಣಂತಿ ಮೊಲೆ ಕೊಡುವುದು ಹೊಸದೇನಲ್ಲ. ಹೀಗೆ ಹಾಲನ್ನು ಕೂಡಿಸಿಡುವ ಬ್ಯಾಂಕು ವಿಯೆನ್ನಾದಲ್ಲಿ 1909ರಲ್ಲೇ ಶುರುವಾಗಿತ್ತು. 27 ನವೆಂಬರ್ 1989ರಂದು ಸಾಯನ್ ಆಸ್ಪತ್ರೆಯಲ್ಲಿ ತಾಯಿಹಾಲಿನ ಬ್ಯಾಂಕು ತೆರೆಯಿತು. ಏಶಿಯಾ ಖಂಡದಲ್ಲೇ ಮೊದಲನೆಯದು. ಅದು ತೆರೆದದ್ದು ಶ್ರೀಮಂತರ ನರ್ಸಿಂಗ್ ಹೋಮಿನಲ್ಲಲ್ಲ, ಧಾರಾವಿಯ ಪಕ್ಕದ ಮುನ್ಸಿಪಾಲಿಟಿ ಆಸ್ಪತ್ರೆಯಲ್ಲಿ. ಹಾಲು ಕೊಟ್ಟವರೂ ಹೆಚ್ಚಾಗಿ ಅಲ್ಲಿಗೇ ಬರುವ ಬಡ ಬಾಣಂತಿಯರು.

ಕೆಲಸ ಹೇಗೆ ನಡೆಯುತ್ತದೆ ಅಂತ ನಾನು ಡಾಕ್ಟರಮ್ಮನನ್ನು ಕೇಳಿ ತಿಳಿದುಕೊಂಡೆ. ಹಾಲು ಕೊಡುವ ತಾಯಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆ ಮಾಡುತ್ತಾರೆ. ಅವಳ ಕೂಸಿಗೆ ಸಾಕಾಗಿ ಮಿಕ್ಕಿದ ಹಾಲನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಅದನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ ತಕ್ಷಣ ತಣಿಸುತ್ತಾರೆ. ಕುದಿಸುವುದಿಲ್ಲ, ಕುದಿಸಿದರೆ ರೋಗ ತಡೆಯುವ ಅಂಶಗಳು ಹಾಳಾಗುತ್ತವೆ. ಸ್ವಲ್ಪ ಹಾಲನ್ನು ಲ್ಯಾಬಿಗೆ ಕಳಿಸಿ ರೋಗಾಣು ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ ಇಡುತ್ತಾರೆ. ದಿನ ತುಂಬದ ಕೂಸುಗಳ ಕರುಳು ಬಹಳ ಎಳೆಯದು. ಡಬ್ಬಿ ಹಾಲಿಗಿಂತ ತಾಯಿಹಾಲು ಕುಡಿದ ಅಂಥ ಕೂಸುಗಳಿಗೆ ಕರುಳು ಕೊಳೆಯುವ ಮಾರಕ ಕಾಯಿಲೆ ಬರುವುದು ಕಡಿಮೆ. ಈ ಹಾಲನ್ನು ಮಾರುವಂತಿಲ್ಲ. 2024ರಲ್ಲಿ ದೇಶದ ಆಹಾರ ಸುರಕ್ಷಾ ಪ್ರಾಧಿಕಾರ ಅದನ್ನು ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿತು.

ಇವತ್ತು ದೇಶದಲ್ಲಿ ಇಂಥ ಬ್ಯಾಂಕುಗಳು ಡಜನುಗಟ್ಟಲೆ ಇವೆ. 2017ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಅವಕ್ಕೆ ನಿಯಮಾವಳಿ ಮಾಡಿತು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ 'ಅಮೃತಧಾರೆ' ಹೆಸರಿನ ಬ್ಯಾಂಕು ತೆರೆದದ್ದು 2022ರಲ್ಲಿ. ಡಾ. ಫರ್ನಾಂಡಿಸ್ 1999ರಲ್ಲಿ 'ಸ್ನೇಹಾ' ಎಂಬ ಸಂಸ್ಥೆ ಕಟ್ಟಿ ಧಾರಾವಿಯಂಥ ವಸತಿಗಳಲ್ಲಿ ತಾಯಿ ಮಕ್ಕಳ ಆರೋಗ್ಯಕ್ಕಾಗಿ ಕೆಲಸ ಮುಂದುವರಿಸಿದರು. ಆಸ್ಪತ್ರೆಗೆ ಬರುವಷ್ಟರಲ್ಲಿ ತಡವಾಗಿರುತ್ತದೆ, ಆದ್ದರಿಂದ ಮನೆಯ ಹತ್ತಿರವೇ ಹೋಗಬೇಕು ಅನ್ನುವುದು ಆ ಕೆಲಸದ ಹಿಂದಿನ ಯೋಚನೆ.

ದೇಶದ ಅಂಕಿಯೂ ಬಹಳ ಇಳಿದಿದೆ. 1971ರಲ್ಲಿ ಸಾವಿರಕ್ಕೆ 129 ಇದ್ದ ಶಿಶುಮರಣ 2023ರಲ್ಲಿ 25ಕ್ಕೆ ಬಂತು. ಲಸಿಕೆ, ಭೇದಿಗೆ ಉಪ್ಪು ಸಕ್ಕರೆಯ ನೀರು, ಆಸ್ಪತ್ರೆಯ ಹೆರಿಗೆ, ಓದಿದ ತಾಯಂದಿರು ಎಲ್ಲದರ ಪಾಲು ಅದರಲ್ಲಿದೆ. 2017ರಲ್ಲಿ ಹೆರಿಗೆ ರಜೆ 26 ವಾರಕ್ಕೆ ಏರಿತು. 2001ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರುವ "ಆರು ತಿಂಗಳು ಬರೀ ತಾಯಿಹಾಲು" ಅನ್ನುವುದಕ್ಕೆ ಈ 26 ವಾರ ಸರಿಯಾಗಿ ಹೊಂದುತ್ತದೆ. ನನ್ನ ಮಗಳು ಕಂಪನಿ ಕೆಲಸದವಳು, ಅವಳಿಗೆ ಆ ರಜೆ ಸಿಕ್ಕಿತು.

ಆದರೆ ನಮ್ಮ ಬಿಲ್ಡಿಂಗಿಗೆ ಪಾತ್ರೆ ತೊಳೆಯಲು ಬರುವ ಹುಡುಗಿಗೆ? ಅವಳಿಗೂ ಅದೇ ಸುಮಾರಿಗೆ ಹೆರಿಗೆಯಾಯಿತು. ಎರಡು ತಿಂಗಳಿಗೆ ಕೆಲಸಕ್ಕೆ ಬಂದಳು, ಇಲ್ಲದಿದ್ದರೆ ಐದು ಮನೆಗಳೂ ಕೈ ತಪ್ಪುತ್ತಿದ್ದವು. ಕೂಸನ್ನು ಎಂಟು ವರ್ಷದ ಅಕ್ಕ ನೋಡಿಕೊಳ್ಳುತ್ತಾಳೆ. ಅತ್ತರೆ ನೀರು ಬೆರೆಸಿದ ಪ್ಯಾಕೆಟ್ ಹಾಲು, ಚಹಾದಲ್ಲಿ ಅದ್ದಿದ ಬಿಸ್ಕಿಟು. "ಕೂಸಿಗೆ ಬಾಟಲಿ ಕೊಡಬಾರದು ಅಂತ ಗೊತ್ತಿಲ್ವಾ?" ಅಂತ ಒಂದನೇ ಮಹಡಿಯವರು ಅವಳಿಗೆ ಬುದ್ಧಿ ಹೇಳಿದರಂತೆ. ಅವಳು ಏನೂ ಉತ್ತರ ಕೊಡಲಿಲ್ಲವಂತೆ. ಅದನ್ನು ಕೇಳಿದಾಗ ನನಗೆ 1924ರ ಶಿಶು ಸಪ್ತಾಹವೇ ನೆನಪಾಯಿತು. ಬುದ್ಧಿ ಹೇಳಿದವರ ಸಾಲಿನಲ್ಲಿ ನಾನೂ ಇದ್ದೇನೆ. ನಮ್ಮ ಮನೆಯ ಪಾತ್ರೆಯನ್ನೂ ಅವಳೇ ತೊಳೆಯುವುದು. ಆಮೇಲೆ ನನ್ನಾಕೆ ಇನ್ನೆರಡು ಮನೆಯವರ ಹತ್ತಿರ ಮಾತಾಡಿ, ಮೂರು ತಿಂಗಳು ಅವಳು ಒಂದೇ ಹೊತ್ತು ಬರಲಿ, ಪಗಾರ ಪೂರ್ತಿ ಕೊಡೋಣ ಅಂತ ಒಪ್ಪಿಸಿದಳು. ಐದರಲ್ಲಿ ಮೂರು ಮನೆ. ಅಷ್ಟೇ ಆದದ್ದು.

ನನ್ನ ಮೊಮ್ಮಗಳ ವಿಷಯ ಹೇಳಿ ಮುಗಿಸುತ್ತೇನೆ. ಐದನೇ ದಿನಕ್ಕೆ ಮಗಳಿಗೆ ಹಾಲು ಇಳಿಯಿತು. ನಂತರ ನಳಿಗೆ ತೆಗೆದು ಒಳಲೆಯಲ್ಲಿ ಕುಡಿಸಲು ಶುರು ಮಾಡಿದರು. ಹೌದು, ನಮ್ಮ ಅಜ್ಜಿಯರ ಕಾಲದ ಅದೇ ಮೂತಿ ಇರುವ ಒಳಲೆ! ಸ್ಟೀಲಿನದು. ಬಾಟಲಿಗಿಂತ ತೊಳೆಯುವುದು ಸುಲಭ, ಸೋಂಕು ಕಡಿಮೆ ಅಂತ ಆಸ್ಪತ್ರೆಯಲ್ಲೂ ಅದನ್ನೇ ಬಳಸುತ್ತಾರೆ. ನನ್ನಾಕೆಗೆ ಅದನ್ನು ಕಂಡು ಆದ ಸಂತೋಷ ಅಷ್ಟಿಷ್ಟಲ್ಲ. ಕಾಂಗರೂವಿನ ಹಾಗೆ ಕೂಸನ್ನು ಎದೆಗೆ ಚರ್ಮ ತಾಗುವಂತೆ ಕಟ್ಟಿಕೊಂಡು ಕೂರುವುದನ್ನು ಮಗಳಿಗೂ ಅಳಿಯನಿಗೂ ಕಲಿಸಿದರು. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾದಲ್ಲಿ ಪೆಟ್ಟಿಗೆಗಳು ಸಾಲದೆ ಕಂಡುಕೊಂಡ ಉಪಾಯವಂತೆ ಅದು.

ಬೇಗ ಹುಟ್ಟಿದ ಕೂಸಿನ ವಯಸ್ಸನ್ನು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಿ ಬೆಳವಣಿಗೆ ನೋಡಬೇಕು ಅಂದರು ಡಾಕ್ಟರು. ಹಾಗೆ ಎಣಿಸಿದ್ದರಿಂದ ನಮಗೆ ಗಾಬರಿಯಾಗಲಿಲ್ಲ. ಆ ಲೆಕ್ಕದಲ್ಲಿ ಎರಡು ತಿಂಗಳಿಗೆ ನಕ್ಕಳು, ನಾಲ್ಕಕ್ಕೆ ಕುತ್ತಿಗೆ ನಿಂತಿತು, ಏಳಕ್ಕೆ ಕೂತಳು. ಈಗ ಸೋಫಾ ಹಿಡಿದು ನಿಲ್ಲುತ್ತಾಳೆ, ಟಿವಿಯ ರಿಮೋಟನ್ನು ಬಾಯಿಗೆ ಹಾಕುತ್ತಾಳೆ. ಅಳುತ್ತಾಳೆ ಕೂಡ. ಇಡೀ ಬಿಲ್ಡಿಂಗಿಗೆ ಕೇಳಿಸುವ ಹಾಗೆ! ಆ ಅಳು ಕೇಳಿದಾಗಲೆಲ್ಲ ಒಳ್ಳೆಯದೇ ಆಯಿತು, ಅಳಲಿ ಅನ್ನಿಸುತ್ತದೆ ನನಗೆ.

ಮಗಳು ಹಾಲು ಸಾಕಷ್ಟು ಬರತೊಡಗಿದ ಮೇಲೆ ಎರಡು ತಿಂಗಳು ಬ್ಯಾಂಕಿಗೆ ಕೊಟ್ಟಳು. ಯಾರಿಗೆ ಹೋಯಿತೋ ನಮಗೆ ಗೊತ್ತಿಲ್ಲ.

ಆಜಿ ತೀರಿಕೊಂಡು ನಲವತ್ತು ವರ್ಷದ ಮೇಲಾಯಿತು. 1982ರ ಗಿರಣಿ ಮುಷ್ಕರ ಶುರುವಾದ ವರ್ಷವೇ ಹೋದಳು. ಆ ಚಾಳೂ ಈಗಿಲ್ಲ. ಸತ್ತ ಮೂರು ಕೂಸುಗಳಿಗೆ ತಾನೇ ಕಾರಣ ಅಂತ ಅವಳು ಕೊನೆಯವರೆಗೂ ನಂಬಿದ್ದಳೋ ಏನೋ, ಕೇಳುವ ಬುದ್ಧಿ ಆಗ ನನಗಿರಲಿಲ್ಲ. ಈಗಾದರೆ ಹೇಳುತ್ತಿದ್ದೆ: ಆಜಿ, ನೂರಕ್ಕೆ 98 ತಾಯಂದಿರು ಒಟ್ಟಿಗೇ ಕೆಟ್ಟವರಾಗುವುದಿಲ್ಲ.

ನಿಮ್ಮ ಮನೆಯಲ್ಲೂ ಗಿರಣಿಯ ಕಾಲ ಕಂಡ ಹಿರಿಯರಿದ್ದರೆ ಒಮ್ಮೆ ಕೂತು ಕೇಳಿ. ಎಷ್ಟು ಮಕ್ಕಳು ಹುಟ್ಟಿದವು ಅಂತ ಮಾತ್ರ ಕೇಳಬೇಡಿ, ಎಷ್ಟು ಉಳಿದವು ಅಂತಲೂ ಕೇಳಿ. ಹೇಳಿದ್ದನ್ನು ಬರೆದಿಡಿ.